ಮಳೆ ಬಂದರೆ ಮ್ಯಾನ್‌ಹೋಲ್ ಉಕ್ಕುವುದು: ಭಾನುವಾರದ ತಪಾಸಣೆ

ಮನೆ 7: ಮೂರನೇ ಅಡ್ಡರಸ್ತೆಯ ಮ್ಯಾನ್‌ಹೋಲ್ ಮತ್ತೆ ಉಕ್ಕಿದೆ. ಪಂಪ್ ಸರಿಯಿಲ್ಲ ಅಂತ ಅರ್ಜಿ ಬರೆಯುವ ಮೊದಲು ಒಂದು ಲೆಕ್ಕ ನೋಡಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಹಿಡಿದರೆ ಅದರ ಶೇ. 80 ಕೊಳಚೆಯಾಗಿ ಹೋಗ್ತದೆ. ನಾಲ್ಕು ಜನರ ಮನೆಯದು ಸುಮಾರು 430 ಲೀಟರ್. ಅದೇ 100 ಚದರ ಮೀಟರ್ ತಾರಸಿಗೆ 100 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್! ಒಂದು ಮನೆಯ ದಂಬೆ ನೀರು ಯುಜಿಡಿಗೆ (ನೆಲದಡಿಯ ಕೊಳಚೆ ಪೈಪಿಗೆ) ಬಿಟ್ಟರೆ 23 ಹೊಸ ಮನೆ ಜೋಡಿಸಿದ ಹಾಗೆ. ಕರಾವಳಿಯ ಜುಲೈಗೆ 100 ಮಿ.ಮೀ. ದೊಡ್ಡ ಸಂಗತಿಯೂ ಅಲ್ಲ.

ಮನೆ 15: ಲೆಕ್ಕ ಸರಿ ಮಾಸ್ಟ್ರೇ. ಆದ್ರೆ ಅಮಾವಾಸ್ಯೆ, ಹುಣ್ಣಿಮೆಗೆ ಮಳೆ ಇಲ್ಲದಿದ್ರೂ ತುಂಬ್ತದಲ್ಲ?

ಮನೆ 31: ಅದು ದೊಡ್ಡ ಉಬ್ಬರಕ್ಕೆ ಅಳಿವೆಯಿಂದ ಏರುವ ಉಪ್ಪುನೀರು ಇರಬಹುದು ಅಕ್ಕ. ಹೊಳೆಬದಿಯ ತಗ್ಗಿನ ಮ್ಯಾನ್‌ಹೋಲ್‌ಗಳ ಗಾರೆ ಬಿಟ್ಟಲ್ಲಿ, ಪೈಪಿನ ಜೋಡಣೆಯಲ್ಲಿ ಒಳಗೆ ಬರ್ತದೆ. ವೆಟ್‌ವೆಲ್ (ಪಂಪ್ ಮಾಡುವ ಮೊದಲು ಕೊಳಚೆ ಸೇರುವ ಬಾವಿ) ನೀರನ್ನು ಇಳಿತಕ್ಕೊಮ್ಮೆ, ಉಬ್ಬರಕ್ಕೊಮ್ಮೆ ನೀರಲ್ಲಿ ಕರಗಿದ ಉಪ್ಪು ಅಳೆಯುವ ಪೆನ್ನಿನಂಥ ಟಿಡಿಎಸ್ ಮೀಟರಿನಲ್ಲಿ ನೋಡಿದ್ರೆ ಗೊತ್ತಾಗ್ತದೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35,000 ಮಿ.ಗ್ರಾಂ. ಉಪ್ಪು. ಹತ್ತರಲ್ಲೊಂದು ಪಾಲು ಸೇರಿದರೂ ಮೀಟರ್ 4,000ದ ಹತ್ತಿರ ಹೋಗ್ತದೆ. ಆ ನೀರಿನ ಸಲ್ಫೇಟ್‌ನಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಆಗ್ತದೆ, ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಅದೇ ಅನಿಲ ಪೈಪಿನ ಮೇಲ್ಭಾಗದ ತೇವದಲ್ಲಿ ಆಮ್ಲವಾಗಿ ಕಾಂಕ್ರೀಟನ್ನೂ ತಿಂತದೆ.

ಕೊಳಚೆ ಶುದ್ಧೀಕರಣ ಘಟಕದಲ್ಲಿ ಇನ್ನೊಂದು ತೊಂದರೆ. ನೀರು ಒಮ್ಮೆಲೇ ನುಗ್ಗಿದರೆ ಕೊಳೆ ತಿನ್ನುವ ಬ್ಯಾಕ್ಟೀರಿಯಾದ ಕೆಸರು (ಸ್ಲಡ್ಜ್) ತೊಳೆದು ಹೋಗ್ತದೆ. ಗಾಳಿ ಊದುವ ಏರೇಶನ್ ಟ್ಯಾಂಕಿನ ನೀರನ್ನು 1 ಲೀಟರ್ ಅಳತೆ ಜಾಡಿಯಲ್ಲಿ 30 ನಿಮಿಷ ಅಲ್ಲಾಡಿಸದೆ ಇಡಬೇಕು. ಉಳಿದ ದಿನ 250-300 ಮಿ.ಲೀ. ತನಕ ನಿಲ್ಲುವ ಕಂದು ಪದರ ಮಳೆ ಮರುದಿನ 80ಕ್ಕೆ ಇಳಿದರೆ ಸ್ಲಡ್ಜ್ ಹೋಯ್ತು ಅಂತ. ಮತ್ತೆ ಬೆಳೆಯಲಿಕ್ಕೆ ವಾರಗಳು ಬೇಕು.

ಮನೆ 9: ಬ್ಲಾಕ್ ಆಗಿದ್ರೆ? ಪರಿಚಯದ ಒಬ್ಬರಿದ್ದಾರೆ, ಇಳಿದು ನೋಡ್ತಾರೆ.

ಮನೆ 31: ಬೇಡ ಮಾರಾಯ್ರೇ, ಯಾರನ್ನೂ ಇಳಿಸುವ ಹಾಗಿಲ್ಲ. ಮಲಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಉಂಟು. ಕೊಳೆತ ಮೊಟ್ಟೆ ವಾಸನೆಯ ಆ ಅನಿಲ ಹೆಚ್ಚಾದರೆ ಮೂಗೇ ಮರಗಟ್ಟುತ್ತದೆ. "ವಾಸನೆ ಹೋಯ್ತು" ಅಂದ್ರೆ ಅಪಾಯ ಕಳೆಯಿತು ಅಂತಲ್ಲ. ನೀರಿನ ಒತ್ತಡದಲ್ಲಿ ಪೈಪ್ ತೊಳೆಯುವ ಜೆಟ್ಟಿಂಗ್ ಮಷಿನ್ ತರಿಸಿ.

ಮನೆ 7: ಭಾನುವಾರ ಮಳೆ ಬಿಟ್ಟಿದ್ದರೆ ಹೀಗೆ ಮಾಡುವ. ಸಿಬ್ಬಂದಿ ಮುಚ್ಚಳ ತೆಗೆದು ಕೊಡಲಿ, ಸುತ್ತ ಟೇಪ್ ಕಟ್ಟುವ. ಪ್ರತಿ ತಾರಸಿಯ ಪೈಪಿಗೆ 20 ಲೀಟರ್ ಬಕೆಟ್ ನೀರಲ್ಲಿ ಹಸಿರಾಗಿ ಹೊಳೆಯುವ ಫ್ಲೋರೆಸಿನ್ ಬಣ್ಣ ಚಿಟಿಕೆಯಷ್ಟು ಕಲಸಿ ಹೊಯ್ಯುವ. ಬಟ್ಟೆಯ ನೀಲಿ ಕೊಳಚೆಯಲ್ಲಿ ಸರಿಯಾಗಿ ಕಾಣ್ಲಿಕ್ಕಿಲ್ಲ. ಕೆಳಗಿನ ಮ್ಯಾನ್‌ಹೋಲ್‌ನಲ್ಲಿ ಹಸಿರು ಕಂಡರೆ ಆ ಮನೆಯ ನೀರು ಮಳೆಚರಂಡಿಗೆ ತಿರುಗಬೇಕು. ಅಂಗಳದ ನೀರು ಬಸಿಯಲು ಮನೆಯ ಯುಜಿಡಿ ಛೇಂಬರ್ ಮುಚ್ಚಳ ಎತ್ತಿಟ್ಟವರೂ ಇದ್ದಾರೆ, ಅದನ್ನೂ ಬರೆದುಕೊಳ್ಳಿ.

ಮನೆ 15: ಅರ್ಜಿಯಲ್ಲಿ ಏನು ಕೇಳೋದು?

ಮನೆ 31: ಮಳೆ ಇಲ್ಲದ ದಿನ ಮತ್ತು ಮಳೆ ದಿನದ ಫ್ಲೋ ಮೀಟರ್ ರೀಡಿಂಗ್, ಪಂಪ್ ಓಡಿದ ಗಂಟೆ, ಹೊರಬಿಡುವ ನೀರಿನ ಪರೀಕ್ಷಾ ವರದಿ. 2017ರ ಕೇಂದ್ರ ಅಧಿಸೂಚನೆಯಲ್ಲಿ ಮಹಾನಗರ, ರಾಜಧಾನಿ ಅಲ್ಲದ ಊರಿಗೆ ಬಿಒಡಿ (ನೀರಲ್ಲಿ ಉಳಿದ ಕೊಳೆಯ ಅಳತೆ) ಮಿತಿ ಲೀಟರಿಗೆ 30 ಮಿ.ಗ್ರಾಂ. ಅಂತ ಇತ್ತು. "ನೀರು ಚೊಕ್ಕ ಉಂಟು" ಅನ್ನುವ ಬಾಯಿಮಾತು ಸಾಲದು, ಅಂಕಿ ಬೇಕು.

ಮನೆ 22: ದಂಬೆ ಪೈಪ್ ಛೇಂಬರಿಗೆ ಸೇರಿದ್ದರೆ ಕ್ಯಾಪ್ ತುರುಕಿದ್ರೆ ಸಾಕಾ?

ಮನೆ 7: ಸಾಲದು, ತುರುಕಿದ್ದು ಒತ್ತಡಕ್ಕೆ ಹಾರ್ತದೆ. ಪೈಪ್ ಒರೆಸಿ ಒಣಗಿಸಿ ಪಿವಿಸಿ ಅಂಟು (ಸಾಲ್ವೆಂಟ್ ಸಿಮೆಂಟ್) ಹಾಕಿ ಕ್ಯಾಪ್ ಅಂಟಿಸಿ. ಮೇಲಿನ ಪೈಪ್ ಮೊದಲು ಬೇರೆ ಕಡೆ ತಿರುಗಿಸಿ, ಇಲ್ಲದಿದ್ರೆ ನೀರು ತಾರಸಿಯಲ್ಲೇ ನಿಲ್ತದೆ.