ಗೇರುಸೊಪ್ಪೆ ದೋಣಿಯವರ ಹಾಡು: ಸಾಲು ಇದೆ, ಮಟ್ಟು (ಧಾಟಿ) ಇಲ್ಲ. ಯಾರಿಗಾದ್ರೂ ಗೊತ್ತಾ?

ತಾಳಗುಪ್ಪದ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜನ (ಅಮ್ಮನ ಅಪ್ಪ) ಲೆಕ್ಕದ ಪುಸ್ತಕ ಒಂದು ನನ್ನ ಹತ್ತಿರ ಇದೆ. ಅಡಿಕೆ ಲೆಕ್ಕ, ಆಳಿನ ಲೆಕ್ಕ, ನಡುನಡುವೆ ಯಕ್ಷಗಾನದ ಪದ್ಯ. ಅಜ್ಜ ಊರ ಮೇಳದಲ್ಲಿ ಭಾಗವತಿಕೆ ಮಾಡುತ್ತಿದ್ದರಂತೆ. ನಾನು ಕಂಡಿದ್ದು ಜಗಲಿಯಲ್ಲಿ ಕೂತು ತೊಡೆ ಮೇಲೆ ತಾಳ ಹಾಕುತ್ತಿದ್ದ ಅಜ್ಜನನ್ನು ಮಾತ್ರ.

ಪುಸ್ತಕದ ಕೊನೆಯಲ್ಲಿ ಒಂದು ಹಾಡಿದೆ. ತಲೆಬರಹ "ದೋಣಿಯವರ ಪದ. ಏಕ" (ಏಕ ಅಂದರೆ ತಾಳದ ಹೆಸರು). ಅಷ್ಟೇ. ಉಳಿದ ಪದ್ಯಗಳಿಗೆಲ್ಲ ರಾಗದ ಹೆಸರು ಬರೆದವರು ಇದಕ್ಕೆ ಮಾತ್ರ ಬರೆದಿಲ್ಲ.

ಗೇರ್ಸೊಪ್ಪೆಯನೇ ಬಿಟ್ಟೇವೋ — ಐಲೇಸಾ
ರಾಶಿಯ ಬೆಟ್ಟೆಯ ತುಂಬೇವೋ — ಐಲೇಸಾ
ಬಸವನ ದುರ್ಗವ ಬಲಕಿಟ್ಟೂ — ಐಲೇಸಾ
ಬೊಂಬಾಯೂರಿಗೆ ಹೊಂಟೇವೋ — ಐಲೇಸಾ

ರಾಶಿ, ಬೆಟ್ಟೆ ಅಂದರೆ ಅಡಿಕೆಯ ಬಗೆಗಳು. ಮುಂದಿನ ಸಾಲುಗಳನ್ನು ಓದೋಕಾಗಲ್ಲ. ಕಾಪಿ ಪೆನ್ಸಿಲ್ಲಿನಲ್ಲಿ ಬರೆದದ್ದು. ನಮ್ಮ ಕಡೆ ಮಳೆಗಾಲದ ಥಂಡಿ ಗೊತ್ತಲ್ಲ, ಅಕ್ಷರವೆಲ್ಲ ನೇರಳೆಯಾಗಿ ಹಿಂದಿನ ಪುಟಕ್ಕೂ ಇಳಿದಿದೆ. "ಉಪ್ಪು" ಅಂತ ಒಂದು ಕಡೆ ಕಾಣುತ್ತದೆ. ಕೊನೆಗೆ "ಎಳಿ ಎಳಿ ಹೋ" ಅಂತ ಇದ್ದ ಹಾಗಿದೆ.

ಎದುರು ಪುಟದ ಲೆಕ್ಕ ಆಣೆ, ಪೈ, ಮಣದಲ್ಲಿದೆ. ನಯಾಪೈಸೆ ಬಂದದ್ದು 1957ರಲ್ಲಿ. ಹಾಗಾಗಿ ಬರೆದದ್ದು ಅದಕ್ಕೂ ಮೊದಲೇ ಇರಬೇಕು. ಹಾಡು ಇನ್ನೂ ಹಳೆಯದು ಅಂತ ನನ್ನ ಅಂದಾಜು. ಅಜ್ಜನ ಅಪ್ಪ ಎತ್ತಿನ ಗಾಡಿಯಲ್ಲಿ ಅಡಿಕೆ ಹೇರಿಕೊಂಡು ಮಾಲೆಮನೆ ಘಾಟಿ ಇಳಿದು ಗೇರುಸೊಪ್ಪೆಗೆ ಹೋಗುತ್ತಿದ್ದರು, ಬರುವಾಗ ಉಪ್ಪು, ತೆಂಗಿನಕಾಯಿ ತರುತ್ತಿದ್ದರು ಅಂತ ಅಮ್ಮ ಹೇಳ್ತಾರೆ.

ಇದು ಯಾರ ಹಾಡು? ಮಟ್ಟು ಹುಡುಕೋದು ಹೇಗೆ? ನಮ್ಮ ಅಕ್ಕನ ಮಗ ಕೀಬೋರ್ಡಿನಲ್ಲಿ ಒಂದು ಕೂರಿಸಿದ್ದಾನೆ. ಕೇಳೋಕೆ ಚೆನ್ನಾಗೇ ಇದೆ. ಆದರೆ ಆ ಹಾಡಿಗೆ ಯಾವ ದೋಣಿಯೂ ದಡ ಬಿಟ್ಟು ಹೊರಡಲ್ಲ.

ಕಾಸರಕೋಡ ತಮ್ಮ

ಅಕ್ಕಾ, ನಮ್ಮದು ಹೊನ್ನಾವರ. ಇದು ಒಂದು ಹಾಡಲ್ಲ, ಎರಡು ಸೇರಿಕೊಂಡಿದೆ ಅಂತ ನನಗನಿಸ್ತದೆ.

ಗೇರುಸೊಪ್ಪೆಯಿಂದ ಹೊನ್ನಾವರಕ್ಕೆ ಶರಾವತಿಯಲ್ಲಿ ಸುಮಾರು 30 ಕಿ.ಮೀ. ಗೇರುಸೊಪ್ಪೆಯಿಂದ ಮೇಲೆ ಬಂಡೆ, ಘಟ್ಟ, ಜೋಗ. ದೋಣಿ ಹತ್ತೋದಿಲ್ಲ. ಹಾಗಾಗಿ ಘಟ್ಟದ ಮೇಲಿನ ಮಾಲು ಗೇರುಸೊಪ್ಪೆವರೆಗೆ ಗಾಡಿಯಲ್ಲಿ, ಆಮೇಲೆ ಹೊಳೆ ದೋಣಿಯಲ್ಲಿ. ಗೇರುಸೊಪ್ಪೆ ರಾಣಿ ಚೆನ್ನಭೈರಾದೇವಿ ಕಾಲದ ಕಾಳುಮೆಣಸೂ ಇದೇ ನೀರಲ್ಲಿ ಇಳಿದದ್ದು. ಆದರೆ ಹೊಳೆ ದೋಣಿ ಬೊಂಬಾಯಿಗೆ ಹೋಗೋದಿಲ್ಲ. ಹೊನ್ನಾವರ ಬಂದರದಲ್ಲಿ ಮಾಲು ಪತ್ತೇಮಾರಿಗೆ ಏರಬೇಕು. ಅದು ಹಾಯಿಯ ಹಡಗು. ಅದರ ಜನ ಬೇರೆ, ಕೆಲಸವೂ ಬೇರೆ.

ನಿಮ್ಮ ಮೂರನೇ ಸಾಲು ನೋಡಿ. ಬಸವರಾಜದುರ್ಗ ಅಂತ ಸಮುದ್ರದ ನಡುವೆ ನಡುಗಡ್ಡೆ ಕೋಟೆ ಇದೆ, ಕೆಳದಿಯವರದ್ದು. ಅಳಿವೆ ದಾಟಿ ಬಡಗು ದಿಕ್ಕಿಗೆ ತಿರುಗಿ, ದುರ್ಗದ ಹೊರಗಿಂದ ಹೋದರೆ ಅದು ಬಲಕ್ಕೇ ಸಿಗೋದು. ಈ ಸಾಲು ಕಟ್ಟಿದವ ಹಡಗಿನ ಮೇಲೆ ನಿಂತು ಕಟ್ಟಿದ್ದಾನೆ. ಘಟ್ಟದವರಿಗೆ ಆ ಸಾಲು ಹೊಳೆಯೋದಿಲ್ಲ. ಸುಮ್ನೆ ಹೇಳ್ತಿಲ್ಲ, ನಮ್ಮಲ್ಲಿ ಈಗಲೂ ದುರ್ಗ ಯಾವ ಕಡೆಗಿದೆ ಅಂತ ನೋಡಿಯೇ ದೋಣಿ ತಿರುಗಿಸೋದು.

ಮೊದಲಿನ ಎರಡು ಸಾಲು ಹೊಳೆ ದೋಣಿಯವು. ಕೊನೆಯ "ಎಳಿ ಎಳಿ" ಪಕ್ಕಾ ಹಾಯಿ ಏರಿಸೋದು.

ಹೊಸನಗರದ ಮದ್ದಳೆ

ಕಾಸರಕೋಡದವರು ಹೇಳಿದ್ದು ಸರಿ. ನಾನು ಹಿಮ್ಮೇಳದವನು, ತಾಳದ ಕಡೆಯಿಂದ ಹೇಳ್ತೇನೆ.

ತಂಗಿ, ನಿಮ್ಮಜ್ಜ ರಾಗ ಬರೆಯದೇ ಬಿಟ್ಟದ್ದಕ್ಕೆ ಕಾರಣ ಇದ್ದೀತು. ಕೆಲಸದ ಹಾಡುಗಳು ಸಾಮಾನ್ಯವಾಗಿ ಮೂರು ನಾಲ್ಕು ಸ್ವರದೊಳಗೇ ತಿರುಗುತ್ತವೆ. ಅದಕ್ಕೆ ಮೋಹನ ಅನ್ನಲೋ ಮಧ್ಯಮಾವತಿ ಅನ್ನಲೋ ಅಂತ ಭಾಗವತನಿಗೇ ಗೊಂದಲ. ತಾಳ ಮಾತ್ರ ಖಚಿತ. ಏಕ ಅಂದರೆ ನಾಲ್ಕರ ಎಣಿಕೆ. ಸಾಲು ಒಡೆದು ನೋಡಿ: ರಾಶಿಯ | ಬೆಟ್ಟೆಯ | ತುಂಬೇ | ವೋ. ನಾಲ್ಕು, ನಾಲ್ಕು, ನಾಲ್ಕು, ಆಮೇಲೆ ಎರಡು. ಉಳಿದ ಎರಡು ಮಾತ್ರೆ ಖಾಲಿ. ಮುಂದೆ ಹಾಡುವವ ಅಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಉಳಿದವರು "ಐಲೇಸಾ" ಅಂತ ಹಿಡಿಯುತ್ತಾರೆ.

ಈಗ ಕೆಲಸ ನೋಡಿ. ಹುಟ್ಟು ಹಾಕುವಾಗ ಮೈ ಹಿಂದೆ ಮುಂದೆ ತೂಗುತ್ತಲೇ ಇರುತ್ತದೆ. ಒಂದೇ ಹದ, ನಿಲ್ಲೋದಿಲ್ಲ. ಹಾಯಿ ಏರಿಸೋದು ಹಾಗಲ್ಲ. ಹಾಯಿ ಕಟ್ಟಿದ ಉದ್ದನೆ ಮರವನ್ನು ಎಲ್ಲರೂ ಸೇರಿ ಹಗ್ಗದಿಂದ ಮೇಲಕ್ಕೆ ಎಳೆಯಬೇಕು. ಎಳೆ, ನಿಲ್ಲು, ಹಗ್ಗ ಹಿಡಿ, ಮತ್ತೆ ಎಳೆ. ಬಲ ಬೀಳೋದು ಒಂದೇ ಅಕ್ಷರದ ಮೇಲೆ. ಇನ್ನು ಹೊಳೆಯಲ್ಲಿ ಕೆಳಗೆ ಹೋಗುವಾಗ ಇಳಿತದ ನೀರೇ ದೋಣಿಯನ್ನು ಒಯ್ಯುತ್ತದೆ, ಅವಸರ ಇಲ್ಲ. ಮೊದಲ ಸಾಲುಗಳು ವಿಳಂಬದಲ್ಲೇ ಇರಬೇಕು. ಯಾವ ಕೆಲಸ ಅಂತ ಗೊತ್ತಾದರೆ ಮಟ್ಟು ಅರ್ಧ ಸಿಕ್ಕ ಹಾಗೆ.

ಕೀಬೋರ್ಡು ಪಕ್ಕಕ್ಕಿಡಿ. ಹಗ್ಗ ಹಿಡಿದು ಹಾಡಿ.

ಕುಶಾವತಿ ಕಡೆಯವನು

ತೀರ್ಥಹಳ್ಳಿಯಿಂದ. ಸ್ವಲ್ಪ ತಣ್ಣೀರು ಎರಚ್ತೀನಿ, ಬೇಜಾರಾಗಬೇಡಿ.

ತಾಳ ಸಿಗುತ್ತೆ, ಹದ ಸಿಗುತ್ತೆ. ಆದರೆ ಮಟ್ಟು ಸಿಗೋದು ಯಾರಾದರೂ ಹಾಡಿದರೆ ಮಾತ್ರ. ನಾವು ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆ ಹೋಗ್ತೀವಿ. ರಾತ್ರಿಯಿಡೀ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡೋದು. ಇಬ್ಬರು ಹೇಳಿದ ಸಾಲನ್ನು ಮತ್ತಿಬ್ಬರು ಎತ್ತಿಕೊಳ್ಳಬೇಕು. ಒಂದೇ ಪದ, ಹೊಳೆ ದಾಟಿದರೆ ಧಾಟಿ ಬೇರೆ. ಎರಡೂ ಸರಿಯೇ. ಹಾಗಿರುವಾಗ "ಮೂಲ ಮಟ್ಟು" ಅಂತ ಒಂದೇ ಇತ್ತು ಅಂತ ಯಾಕೆ ಅಂದ್ಕೋಬೇಕು?

ಹಾಡುವವರನ್ನು ಹುಡುಕಿಕೊಂಡು ಹೋಗೋದಾದರೆ ಒಂದು ಮಾತು. ನಿಮ್ಮ ಧಾಟಿಯನ್ನು ಮೊದಲು ಕೇಳಿಸಲೇಬೇಡಿ. ವಯಸ್ಸಾದವರು ಪಾಪ, "ಹೌದು ಹೌದು, ಹೀಗೇ ಇತ್ತು" ಅಂದುಬಿಡ್ತಾರೆ. ಆಮೇಲೆ ಅದೇ ಗಟ್ಟಿಯಾಗುತ್ತೆ. ಸಾಲನ್ನೂ ಪೂರ್ತಿ ಓದಬೇಡಿ. ಹಾಯಿ ಏರಿಸುವಾಗ ಏನು ಹೇಳ್ತಿದ್ರಿ ಅಂತ ಕೇಳಿ, ರೆಕಾರ್ಡ್ ಒತ್ತಿ ಸುಮ್ನೆ ಕೂತ್ಕೊಳ್ಳಿ. ಭದ್ರಾವತಿ ಆಕಾಶವಾಣಿಯಲ್ಲೂ ವಿಚಾರಿಸಿ. ಜನಪದ ಹಾಡು ಅಲ್ಲಿ ಎಷ್ಟೋ ವರ್ಷದಿಂದ ಹಾಡಿಸಿದ್ದಾರೆ.

ತಾಳಗುಪ್ಪದ ಮೊಮ್ಮಗಳು

ಎಲ್ಲರಿಗೂ ಥ್ಯಾಂಕ್ಸ್. ಮದ್ದಳೆ ಅಣ್ಣ ಹೇಳಿದ ಹಾಗೆ ಹಗ್ಗ ಹಿಡಿದೆ. ನಮ್ಮಲ್ಲಿ ಹಗ್ಗ ಅಂದರೆ ಬಾವಿ ಹಗ್ಗ! ಕೊಡ ತುಂಬಿ ಮೇಲೆ ಬರುವಾಗ "ಐಲೇಸಾ" ಅಂದರೆ "ಸಾ"ಗೆ ಸರಿಯಾಗಿ ಕೈ ಕೆಳಗೆ ಬರುತ್ತೆ. ಆಗ ದನಿಯೂ ಇಳಿಯುತ್ತೆ. ಅಲ್ಲಿ ಮೇಲಿನ ಸ್ವರ ಹಿಡಿಯೋಕೆ ಹೋದರೆ ಉಸಿರೇ ಸಿಕ್ಕಲ್ಲ, ಇಲ್ಲ ಹಗ್ಗ ಜಾರುತ್ತೆ. ಅಕ್ಕನ ಮಗ ಸರಿಯಾಗಿ ಅಲ್ಲೇ ಸ್ವರ ಏರಿಸಿದ್ದಾನೆ! ಅವನ ಕೈಗೂ ಹಗ್ಗ ಕೊಟ್ಟೆ. ಎರಡು ಕೊಡಕ್ಕೇ ಕೀಬೋರ್ಡಿನ ಧಾಟಿ ಬಿಟ್ಟ.

ತೀರ್ಥಹಳ್ಳಿಯವರ ಮಾತನ್ನು ಪೂರ್ತಿ ಒಪ್ಪಲ್ಲ. ಒಂದೇ ಮಟ್ಟು ಇರಲಿಲ್ಲ ಅನ್ನಿ, ಸರಿ. ಆದರೆ ಗೇರುಸೊಪ್ಪೆ ಕಟ್ಟೆಯಲ್ಲಿ ನಮ್ಮ ಮುತ್ತಜ್ಜ ಕೇಳಿದ್ದು ಒಂದೇ ತಾನೇ? ನನಗೆ ಬೇಕಾದ್ದು ಅದು. ರೆಕಾರ್ಡ್ ವಿಷಯ ಮಾತ್ರ ನೀವು ಹೇಳಿದ ಹಾಗೇ ಮಾಡ್ತೀನಿ.

ಕಾಸರಕೋಡ ತಮ್ಮ, ನಿಮ್ಮ ಕಡೆ ಹಾಯಿ ಹಡಗಿನಲ್ಲಿ ದುಡಿದವರು ಯಾರಾದರೂ ಇದ್ದಾರಾ? ತಾಳಗುಪ್ಪದಿಂದ ಬಸ್ಸಿದೆ, ಬಂದೇ ಬರ್ತೀನಿ.

ಕಾಸರಕೋಡ ತಮ್ಮ

ನಮ್ಮ ದೊಡ್ಡಪ್ಪನೇ ಇದ್ದಾರೆ ಅಕ್ಕಾ, ಸಣ್ಣವರಿದ್ದಾಗ ಮಚವೆಯಲ್ಲಿ (ಅದೂ ಹಾಯಿ ಹಡಗೇ) ಅಡುಗೆಗೆ ಹೋದವರು. ಕಿವಿ ಸ್ವಲ್ಪ ಮಂದ, ನೆನಪು ಗಟ್ಟಿ. ಬೆಳಿಗ್ಗೆ ಬರಬೇಡಿ, ದೋಣಿ ಬರೋ ಹೊತ್ತು, ಯಾರೂ ಕೈಗೆ ಸಿಗೋದಿಲ್ಲ. ಮಧ್ಯಾಹ್ನ ಊಟ ಮುಗಿದ ಮೇಲೆ ಬನ್ನಿ. ಪುಸ್ತಕ ತನ್ನಿ, ಆದರೆ ಚೀಲದಲ್ಲೇ ಇರಲಿ. ಮತ್ತೆ ಅವರಿಗೆ ನಿಮ್ಮ ಕಡೆಯ ಕವಳದ ಅಡಿಕೆ ಅಂದ್ರೆ ಜೀವ.