ಹಳೆಯ ಮೋಟರ್‌ಹೋಮ್‌ನ ಸ್ಟೀರಿಂಗ್ ಸಡಿಲ: ಸವೆದದ್ದು ಯಾವುದೆಂದು ಪತ್ತೆ ಹಚ್ಚುವುದು ಹೇಗೆ?

ಪ್ರಶ್ನೆ: ಇಪ್ಪತ್ತು ವರ್ಷ ಹಳೆಯದಾದರೂ 60,000 ಕಿಲೋಮೀಟರ್ ಕೂಡ ಓಡಿರದ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ಮನೆಯಂಥ ವಾಹನ) ಒಂದನ್ನು ಇತ್ತೀಚೆಗೆ ಕೊಂಡಿದ್ದೇನೆ. ನೇರ ರಸ್ತೆಯಲ್ಲಿಯೂ ಅದು ಎಡಬಲಕ್ಕೆ ತೇಲಿದಂತೆ ಸಾಗುತ್ತದೆ. ಸ್ಟೀರಿಂಗನ್ನು ಮೂರು ಬೆರಳಿನಷ್ಟು ತಿರುಗಿಸಿದ ಮೇಲಷ್ಟೇ ಚಕ್ರ ಹೊರಳುತ್ತದೆ. ಮುಂಭಾಗದ ಕೀಲುಗಳನ್ನೆಲ್ಲ ಒಟ್ಟಿಗೇ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳಿದ್ದಾರೆ. ಅಷ್ಟು ಖರ್ಚು ಮಾಡುವ ಮೊದಲು ನಾನೇ ಪರೀಕ್ಷಿಸಿ ನೋಡಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಖಂಡಿತ ನೋಡಬಹುದು. ಆದರೆ ಕಡಿಮೆ ಓಡಿದೆ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ. ಮೋಟರ್‌ಹೋಮ್ ನಿಂತಲ್ಲಿಯೇ ಹಳತಾಗುವ ವಾಹನ. ರಬ್ಬರ್ ಬುಷ್‌ಗಳು (ಕೀಲುಗಳೊಳಗಿನ ಬಳೆಗಳು) ಗಟ್ಟಿಯಾಗಿ ಬಿರಿಯುತ್ತವೆ, ಗ್ರೀಸ್ ಒಣಗುತ್ತದೆ, ಹರಿದ ರಬ್ಬರ್ ಕವಚದೊಳಗೆ ನೀರಿಳಿದು ಬಾಲ್ ಜಾಯಿಂಟ್‌ಗೆ (ಗುಂಡು ತಲೆಯ ಕೀಲಿಗೆ) ತುಕ್ಕು ಹಿಡಿಯುತ್ತದೆ. ಇಷ್ಟರ ನಡುವೆ ಮನೆಯ ಭಾರವಂತೂ ಹಗಲಿರುಳೂ ಸ್ಪ್ರಿಂಗುಗಳ ಮೇಲೆ ಇದ್ದೇ ಇರುತ್ತದೆ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪರೀಕ್ಷೆಗೆ ಜಾಕ್ ಕೂಡ ಬೇಕಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳ ಎರಡೂ ಬದಿಗೆ ಅಡೆ ಕೊಟ್ಟು, ಚಕ್ರಗಳು ನೆಲದ ಮೇಲಿರುವಂತೆಯೇ ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಅಲುಗಿಸುತ್ತಿರಬೇಕು. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲನೆಯಲ್ಲಿರಬೇಕು. ಇನ್ನೊಬ್ಬರು ಸ್ಟೀರಿಂಗ್ ಕಾಲಮ್ಮಿನ ಕೀಲಿನಿಂದ ಆರಂಭಿಸಿ ಸ್ಟೀರಿಂಗ್ ಬಾಕ್ಸ್ (ಗೇರುಗಳಿರುವ ಪೆಟ್ಟಿಗೆ), ಪಿಟ್‌ಮನ್ ಆರ್ಮ್ (ಅದರಿಂದ ಹೊರಬರುವ ತೋಳು), ಡ್ರ್ಯಾಗ್ ಲಿಂಕ್ (ಆ ತೋಳಿನ ಚಲನೆಯನ್ನು ಚಕ್ರದ ಕಡೆಗೆ ಒಯ್ಯುವ ಸರಳು), ಟೈ ರಾಡ್ ಎಂಡ್‌ಗಳ (ಎರಡೂ ಚಕ್ರಗಳನ್ನು ಜೋಡಿಸುವ ಸರಳಿನ ತುದಿಯ ಕೀಲುಗಳ) ತನಕ ಒಂದೊಂದನ್ನೇ ಟಾರ್ಚ್ ಬೆಳಕಿನಲ್ಲಿ ಗಮನಿಸಬೇಕು. ಕೀಲಿನ ಒಂದು ಬದಿ ಚಲಿಸಿದ ಮೇಲೆ ಇನ್ನೊಂದು ಬದಿ ತಡವಾಗಿ ಹೊರಟರೆ, ನಿಮ್ಮ ಮೂರು ಬೆರಳಿನ ಸಡಿಲದಲ್ಲಿ ಒಂದು ಪಾಲು ಅಲ್ಲಿದೆ ಎಂದರ್ಥ. ಸಾಮಾನ್ಯವಾಗಿ ಅದು ಒಂದೇ ಕಡೆ ಸಿಗುವುದಿಲ್ಲ, ಎರಡು ಮೂರು ಕಡೆ ಹಂಚಿಕೊಂಡಿರುತ್ತದೆ.

ಸ್ಟೀರಿಂಗ್ ಬಾಕ್ಸಿನ ಮೇಲಿರುವ ಹೊಂದಿಕೆಯ ಸ್ಕ್ರೂವನ್ನು ಮಾತ್ರ ಮೊದಲಿಗೇ ಮುಟ್ಟಬೇಡಿ. ನಾನು ಅವಸರದಿಂದ ಅದನ್ನು ಬಿಗಿದೆ. ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳದ ಸ್ಥಿತಿ ಬಂತು. ಆಮೇಲೆ ನೋಡಿದರೆ ಸವೆದದ್ದು ಐಡ್ಲರ್ ಆರ್ಮ್‌ನ (ಸ್ಟೀರಿಂಗ್ ಕೊಂಡಿಗೆ ಇನ್ನೊಂದು ಬದಿಯಿಂದ ಆಸರೆ ಕೊಡುವ ತೋಳಿನ) ಬುಷ್.

ಎರಡನೆಯ ಉತ್ತರ: ಮೇಲಿನ ಪರೀಕ್ಷೆ ಸ್ಟೀರಿಂಗ್ ಕೊಂಡಿಗಳಿಗೆ ಸರಿ, ಆದರೆ ಭಾರ ಹೊರುವ ಬಾಲ್ ಜಾಯಿಂಟ್‌ಗಳ ಸವೆತ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಚಕ್ರವನ್ನು ಎತ್ತಲೇಬೇಕು, ಮತ್ತು ಜಾಕನ್ನು ಎಲ್ಲಿಗೆ ಕೊಡುತ್ತೀರಿ ಎಂಬುದರ ಮೇಲೆಯೇ ಫಲಿತಾಂಶ ನಿಂತಿದೆ. ಚಕ್ರವನ್ನು ಚಾಸಿಗೆ (ವಾಹನದ ತಳಚೌಕಟ್ಟಿಗೆ) ಸೇರಿಸುವ ಮೇಲಿನ, ಕೆಳಗಿನ ತೋಳುಗಳೇ ಆರ್ಮ್‌ಗಳು; ಸ್ಪ್ರಿಂಗು ಕೆಳಗಿನ ಆರ್ಮ್‌ನ ಮೇಲೆ ಕುಳಿತಿದ್ದರೆ ಜಾಕ್ ಆ ಆರ್ಮ್‌ನ ಕೆಳಗೇ, ಬಾಲ್ ಜಾಯಿಂಟ್‌ಗೆ ಹತ್ತಿರವಾಗಿ ಇರಬೇಕು. ಚಾಸಿಗೆ ಕೊಟ್ಟರೆ ಸ್ಪ್ರಿಂಗಿನ ಒತ್ತಡವೇ ಜಾಯಿಂಟನ್ನು ಬಿಗಿಯಾಗಿ ಹಿಡಿದು ಸವೆತವನ್ನು ಮರೆಮಾಡುತ್ತದೆ. ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬ) ಇರುವ ಅಥವಾ ಮೇಲಿನ ಆರ್ಮ್‌ನ ಮೇಲೆ ಸ್ಪ್ರಿಂಗ್ ಇರುವ ವಾಹನಗಳಲ್ಲಿ ಇದಕ್ಕೆ ವಿರುದ್ಧವಾಗಿ ಚಾಸಿಯನ್ನೇ ಎತ್ತಬೇಕು.

ಬಳಿಕ ಚಕ್ರವನ್ನು ಗಡಿಯಾರದ 12 ಮತ್ತು 6ರ ಸ್ಥಾನದಲ್ಲಿ ಹಿಡಿದು ಅಲುಗಿಸಿ. ಅಲುಗಾಟ ಕಂಡರೆ ಒಬ್ಬರಿಂದ ಬ್ರೇಕ್ ತುಳಿಸಿ ಮತ್ತೊಮ್ಮೆ ನೋಡಿ: ಅದು ನಿಂತುಹೋದರೆ ದೋಷ ಚಕ್ರದ ಬೇರಿಂಗಿನದು, ಉಳಿದರೆ ಬಾಲ್ ಜಾಯಿಂಟ್‌ನದು ಅಥವಾ ಕಿಂಗ್ ಪಿನ್‌ನದು (ಚಕ್ರ ಎಡಬಲಕ್ಕೆ ಹೊರಳುವ ಗೂಟದ್ದು). 3 ಮತ್ತು 9ರ ಸ್ಥಾನದಲ್ಲಷ್ಟೇ ಅಲುಗಿದರೆ ಟೈ ರಾಡ್ ಎಂಡ್‌ಗಳನ್ನು ನೋಡಿ.

ಬರೀ ಜಾಕನ್ನು ನಂಬಿ ಕೆಳಗೆ ಮಲಗಬೇಡಿ. ನಿಲುಗಡೆಯಲ್ಲಿ ವಾಹನವನ್ನು ಸಮತಟ್ಟಾಗಿಸಲು ಇರುವ ಜಾಕ್‌ಗಳನ್ನಂತೂ ಈ ಕೆಲಸಕ್ಕೆ ಎಣಿಸಲೇಬಾರದು. ತಕ್ಕ ತೂಕ ತಾಳುವ ಸ್ಟ್ಯಾಂಡ್‌ಗಳು ಬೇಕು. ಏರ್ ಸಸ್ಪೆನ್ಷನ್ ಇದ್ದರೆ ಗಾಳಿ ಇಳಿದಾಗ ವಾಹನದ ಇಡೀ ಮೈ ಕುಸಿಯುತ್ತದೆಯಾದ್ದರಿಂದ ಚಾಸಿಗೂ ಪ್ರತ್ಯೇಕ ಆಸರೆ ಕೊಡಬೇಕು.

ಮೂರನೆಯ ಉತ್ತರ: ಎಲ್ಲರೂ ಮುಂಭಾಗವನ್ನೇ ನೋಡುತ್ತಿದ್ದೀರಿ. ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಜರುಗಿದರೂ ಗಾಡಿ ಹೀಗೆಯೇ ತೇಲುತ್ತದೆ. ಲೀಫ್ ಸ್ಪ್ರಿಂಗಿನ ಪಟ್ಟಿಗಳಲ್ಲಿ ಬಿರುಕು, ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಬುಷ್‌ಗಳ ಸವೆತ, ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟುವ ಯು ಬೋಲ್ಟ್‌ಗಳ ಬಿಗಿ ಇವನ್ನು ನೋಡಿ. ನಟ್ಟಿನ ಸುತ್ತ ಕೆಂಪು ತುಕ್ಕಿನ ಪುಡಿ ಉದುರಿದ್ದರೆ ಅಲ್ಲಿ ಲೋಹ ಲೋಹಕ್ಕೆ ಉಜ್ಜುತ್ತಿದೆ ಎಂದು ತಿಳಿಯಬೇಕು. ಶಾಕ್ ಅಬ್ಸಾರ್ಬರ್ ಪರೀಕ್ಷಿಸಲು ಇಂಥ ಭಾರದ ವಾಹನವನ್ನು ಒತ್ತಿ ಕುಲುಕಿಸಿ ಪ್ರಯೋಜನವಿಲ್ಲ. ಉಬ್ಬುತಗ್ಗಿನ ರಸ್ತೆಯಲ್ಲಿ ಓಡಿಸಿದ ಕೂಡಲೇ ನಾಲ್ಕನ್ನೂ ಎಚ್ಚರದಿಂದ ಮುಟ್ಟಿ ನೋಡಿ. ಉಳಿದವು ಬೆಚ್ಚಗಿದ್ದು ಒಂದು ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲವೆಂದು ಶಂಕಿಸಬಹುದು.

ನಾಲ್ಕನೆಯ ಉತ್ತರ: ಟಯರ್ ಮರೆಯಬೇಡಿ. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ಟಯರ್ ತಯಾರಾದದ್ದು ವರ್ಷದ ಎಷ್ಟನೆಯ ವಾರ ಎಂಬುದನ್ನು, ಉಳಿದೆರಡು ವರ್ಷವನ್ನು ತಿಳಿಸುತ್ತವೆ. ಸಾಮಾನು ತುಂಬಿಸಿ ಒಂದೊಂದು ಆಕ್ಸಲ್ಲನ್ನೂ ಪ್ರತ್ಯೇಕವಾಗಿ ತೂಗಿಸಿ. ಹಿಂದೆ ಭಾರ ಹೆಚ್ಚಾಗಿ ಮುಂಭಾಗ ಹಗುರಾದರೆ ಹೊಸ ಕೀಲುಗಳನ್ನು ಹಾಕಿದರೂ ತೇಲುವುದು ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಎಲ್ಲರಿಗೂ ಧನ್ಯವಾದಗಳು. ಭಾನುವಾರ ತಮ್ಮನನ್ನು ಸ್ಟೀರಿಂಗ್ ಮುಂದೆ ಕೂರಿಸಿ ನೋಡಿದೆ. ಡ್ರ್ಯಾಗ್ ಲಿಂಕಿನ ಒಂದು ತುದಿ ಸ್ಪಷ್ಟವಾಗಿ ಸಡಿಲವಾಗಿದೆ, ಹಿಂದಿನ ಎಡ ಯು ಬೋಲ್ಟಿನ ಬಳಿ ಕೆಂಪು ಪುಡಿ ಕಂಡಿತು. ಬಾಲ್ ಜಾಯಿಂಟ್‌ಗಳಲ್ಲಿ ಅಲುಗಾಟ ಸಿಗಲಿಲ್ಲ. ಟಯರಿನ ಮೇಲೆ 2211 (2011ರ 22ನೆಯ ವಾರ) ಎಂದಿರುವುದರಿಂದ ಅವನ್ನೂ ಬದಲಿಸುತ್ತೇನೆ. ಇವೆಲ್ಲ ಮುಗಿದ ಮೇಲೆಯೇ ಅಲೈನ್‌ಮೆಂಟ್ (ಚಕ್ರಗಳ ಕೋನದ ಹೊಂದಿಕೆ) ಮಾಡಿಸುವುದೆಂದು ನಿರ್ಧರಿಸಿದ್ದೇನೆ.