ಸಹಾಯ ಬೇಕು: ರೈನ್‌ಬೋ ಬೋವಾ ಹಾವು ಬಸಿರಾದಂತಿದೆ, ತೇವಾಂಶ ಹೇಗೆ ಕಾಪಾಡಲಿ?

ನಾನು ಚಿಕ್ಕಮಗಳೂರಿನವನು. ನನ್ನ ಬ್ರೆಜಿಲಿಯನ್ ರೈನ್‌ಬೋ ಬೋವಾ ಜೋಡಿ ಚಳಿಗಾಲದಲ್ಲಿ ಕೂಡಿತ್ತು, ಈಗ ಹೆಣ್ಣು ಊಟ ಬಿಟ್ಟು ಹೀಟರ್ ಇರುವ ಮೂಲೆಯಲ್ಲೇ ಸುತ್ತಿಕೊಂಡಿದೆ. ಇದು ಮೊಟ್ಟೆ ಇಡುವುದಿಲ್ಲ, ಸುಮಾರು 5 ತಿಂಗಳಿಗೆ ನೇರವಾಗಿ ಮರಿ ಹಾಕುತ್ತದೆ, ಹಾಗಾಗಿ ಇನ್‌ಕ್ಯುಬೇಟರ್ ಸಲಹೆ ಬೇಡ! ಚಿಂತೆ ಇರುವುದು ತೇವಾಂಶದ್ದು. ಅಮೆಜಾನ್ ಕಾಡಿನ ಹಾವು ಅಲ್ವಾ, 80% ಹತ್ತಿರ ಬೇಕು; ಮಳೆಗಾಲದಲ್ಲಿ ನಮ್ಮೂರಲ್ಲಿ ಅದು ಸುಮ್ನೆ ಸಿಗುತ್ತದೆ, ಆದರೆ ಬೇಸಿಗೆಯಲ್ಲಿ ಹೀಟರ್ ಹಾಕಿದರೆ ಪೆಟ್ಟಿಗೆ ಒಣಗುತ್ತದೆ, ನೀರು ಜಾಸ್ತಿ ಚಿಮುಕಿಸಿದರೆ ಹೊಟ್ಟೆಯಡಿ ಗುಳ್ಳೆ ಏಳುವ ಭಯ. ಒದ್ದೆ ಪಾಚಿ ತುಂಬಿದ ಡಬ್ಬಿ ಇಟ್ಟು ನೋಡಿದವರು ಇದ್ದೀರಾ? ಹಾಸನದ ವೆಟರ್ನರಿ ಕಾಲೇಜಿನಲ್ಲಿ ಹಾವಿಗೆ ಸ್ಕ್ಯಾನ್ ಮಾಡುತ್ತಾರಾ? ಜೋಡಿಯ ನೋಂದಣಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಆಗಿದೆ. ಮರಿಗಳ ವಿವರ ಹಾಕಿದವರು ಯಾವ ದಾಖಲೆ ಕೇಳಿದರು ಅಂತ ತಿಳಿಸಿ. ರೇಟ್ ಮಾತ್ರ ಕೇಳಬೇಡಿ, ಮಾರಾಟಕ್ಕಿಲ್ಲ.